ಹೆಸರು ಬೀಳುವ ಹೊತ್ತು

ತಡವಾಗಿ ಬಂದವರು ಥೇಟರಿನ ಬಾಗಿಲಲ್ಲಿ ಕೇಳುತ್ತಿದ್ದ ಪ್ರಶ್ನೆ ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಒಂದೇ: ‘ಪಿಚ್ಚರ್ ಸುರು ಆತೇನ್ರಿ?’ ಟಾರ್ಚು ಹಿಡಿದವನ ಉತ್ತರವೂ ಒಂದೇ: ‘ಇಲ್ರಿ, ಇನ್ನೂ ಹೆಸರು ಬೀಳಾಕತ್ತಾವ.’ ಬಂದವರಿಗೆ ಸಮಾಧಾನ. ಆದರೆ ಆ ಎರಡು ಮೂರು ನಿಮಿಷಗಳಲ್ಲೇ ಚಿತ್ರ ತನ್ನ ಮುಖ್ಯ ಕೆಲಸವೊಂದನ್ನು ಮುಗಿಸಿರುತ್ತಿತ್ತು. ನಗಲಿಕ್ಕೆ ಕೂತಿದ್ದೇವೋ, ಬೆಚ್ಚಲಿಕ್ಕೋ, ಕೈಮುಗಿಯಲಿಕ್ಕೋ ಎಂಬುದು ಹೆಸರು ಬೀಳುವಾಗಲೇ ಮನಸ್ಸಿಗೆ ಇಳಿದಿರುತ್ತಿತ್ತು.

ಸಂಗೀತ ಕೇಳಿ ಬೆಳೆದ ಈ ಊರುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಅನವಟ ರಾಗವೊಂದನ್ನು ಎತ್ತಿಕೊಂಡರೆ, ಬಂದಿಶ್ ಸ್ಪಷ್ಟವಾಗುವ ಮೊದಲೇ ಬಲ್ಲ ಕೇಳುಗ ನಾಲ್ಕು ಸ್ವರಗಳಲ್ಲಿ ಅದರ ಜಾಡು ಹಿಡಿಯುತ್ತಿದ್ದ. ಸಿನಿಮಾಕ್ಕೆ ಶೀರ್ಷಿಕೆಗಳೇ ಆ ನಾಲ್ಕು ಸ್ವರ.

ಮೊದಲ ಸ್ವರ ಅಕ್ಷರ. ಪೌರಾಣಿಕ ಚಿತ್ರಕ್ಕೆ ಹೂಬಳ್ಳಿಯ ಅಂಚಿನ ದುಂಡು ಬರಹ, ಪತ್ತೇದಾರಿಗೆ ಓರೆಯಾದ ಚೂಪು ಬರಹ, ದೆವ್ವದ ಕಥೆಗೆ ಕೆಳಗೆ ಸೋರುವ ಕೆಂಪು ಬರಹ. ಕಂಪ್ಯೂಟರ್ ಬರುವ ಮೊದಲು ಇದೆಲ್ಲ ಕುಂಚದ ಕೆಲಸವಾಗಿತ್ತು. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದು ಕ್ಯಾಮೆರಾದಲ್ಲಿ ಹಿಡಿಯುತ್ತಿದ್ದರು. ಕಪ್ಪು ಭಾಗ ಫಿಲ್ಮಿಗೆ ತಾಗುವುದಿಲ್ಲ. ಹಾಗಾಗಿ ಹೊಲದ ಮೇಲೋ ಹೊಳೆಯ ಮೇಲೋ ಅಕ್ಷರವನ್ನಷ್ಟೇ ತಂದು ಕೂರಿಸಬಹುದು. ಕನ್ನಡದಲ್ಲಿ ಈ ಕೆಲಸ ಇನ್ನೂ ಕಠಿಣ. ‘ಸಂಸ್ಕಾರ’ ಎಂದು ಬರೆದು ನೋಡಿ: ಮೇಲೆ ತಲೆಕಟ್ಟು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ಮೂರಕ್ಕೂ ಜಾಗ ಬೇಕು, ಮೂರೂ ಒಂದೇ ನೋಟಕ್ಕೆ ಓದಿಸಿಕೊಳ್ಳಬೇಕು.

ಈ ವಿದ್ಯೆಯ ಬೇರು ಪರದೆ ಬರೆಯುವವರ ಕೈಯಲ್ಲಿದೆ. ನಾಟಕ ಕಂಪನಿಯ ಕಾಲದಲ್ಲಿ ಮೂರನೆಯ ಗಂಟೆ, ಹಾರ್ಮೋನಿಯಂ, ನಾಂದಿ, ಆಮೇಲೆ ಅರಮನೆಯದೋ ಅಡವಿಯದೋ ಬಣ್ಣದ ಪರದೆ. ನಟ ಬಾಯಿ ತೆರೆಯುವ ಮೊದಲೇ ಪ್ರೇಕ್ಷಕ ಅರ್ಧ ಕಥೆಯೊಳಗೆ ಇರುತ್ತಿದ್ದ. ಕೊಲ್ಲಾಪುರದ ಬಾಬುರಾವ್ ಪೇಂಟರ್ ಇಂಥ ಪರದೆಗಳನ್ನು ಬರೆಯುತ್ತಲೇ ಸಿನಿಮಾಕ್ಕೆ ಬಂದವರು. ಅವರ ಬಳಿ ಕಲಿತ ವಿ. ಶಾಂತಾರಾಮ್ (ಜನನ 1901) ಅದಕ್ಕೂ ಮೊದಲು ನಮ್ಮ ಹುಬ್ಬಳ್ಳಿಯಲ್ಲಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿಯುತ್ತ, ತಗಡಿನ ಶೆಡ್ಡಿನ ಸಿನಿಮಾ ಥೇಟರೊಂದರಲ್ಲಿ ಬಾಗಿಲು ಕಾಯುತ್ತ, ಬೋರ್ಡು ಬರೆಯುವುದನ್ನು ಕಲಿತ ಹುಡುಗ ಅವರು. 1929ರಲ್ಲಿ ಗೆಳೆಯರೊಡನೆ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿದರು. ಪ್ರಭಾತದ ಲಾಂಛನದಲ್ಲಿ ಒಬ್ಬ ಹೆಣ್ಣುಮಗಳು ಮೈಯನ್ನು ಹಿಂದಕ್ಕೆ ಬಾಗಿಸಿ, ಡೊಂಕು ತುತ್ತೂರಿಯನ್ನು ಬಾನಿಗೆ ಎತ್ತಿ ಊದುತ್ತಾಳೆ. ಮಾತಿನ ಚಿತ್ರಗಳ ಕಾಲದಲ್ಲಿ ಆ ದನಿ ಕೇಳಿದರೆ ಸಾಕು, ಮುಂದೆ ಬರುವುದು ಯಾವ ಮನೆಯ ಚಿತ್ರ ಎಂದು ಜನ ಕಣ್ಣು ಮುಚ್ಚಿ ಹೇಳುತ್ತಿದ್ದರು.

ಅಮೆರಿಕದಲ್ಲಿ ಇದನ್ನೇ ಸ್ವತಂತ್ರ ಕಲೆಯಾಗಿ ಬೆಳೆಸಿದವನು ಸಾಲ್ ಬಾಸ್. ಹಿಚ್‌ಕಾಕ್‌ನ ‘ಸೈಕೋ’ (1960) ಚಿತ್ರಕ್ಕೆ ಅವನು ಕೊಲೆಗಾರನನ್ನೂ ತೋರಿಸಲಿಲ್ಲ, ಚಾಕುವನ್ನೂ ತೋರಿಸಲಿಲ್ಲ. ಕಪ್ಪು ತೆರೆಯ ಮೇಲೆ ಬೂದು ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ಓಡುತ್ತವೆ. ಹೆಸರುಗಳು ಸೀಳಿಹೋಗಿ ಮತ್ತೆ ಕೂಡುತ್ತವೆ. ಬರ್ನಾರ್ಡ್ ಹರ್ಮನ್ ಬರಿಯ ತಂತಿವಾದ್ಯಗಳನ್ನೇ ಇಟ್ಟುಕೊಂಡು ಅದಕ್ಕೆ ನಾದ ಕಟ್ಟಿದ. ಸೀಳಿದ ಮನಸ್ಸಿನ ಕಥೆ ಇದು ಎಂದು ಅಕ್ಷರವೇ ಸಾರುತ್ತದೆ.

ಅದರ ಪಕ್ಕದಲ್ಲಿ ನಮ್ಮದೊಂದನ್ನು ಇಟ್ಟು ನೋಡೋಣ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದ ಧಾರಾವಾಹಿ. ಆದರೂ ಹೆಸರು ಬೀಳುವ ಕಲೆಗೆ ಕನ್ನಡಿಗರು ಕೊಟ್ಟ ಅತ್ಯುತ್ತಮ ಮಾದರಿ ಅದೇ ಎಂದು ನಾನು ನಂಬಿದ್ದೇನೆ. ತೆರೆಯ ಮೇಲೆ ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಹಿಂದೆ ಎಲ್. ವೈದ್ಯನಾಥನ್ ಸ್ವರ ಹಾಕಿದ, ಮಾತಿಲ್ಲದ ಒಂದು ಗುನುಗು. ಅಷ್ಟೇ. ಇಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಓಡುವುದಿಲ್ಲ, ಸಣ್ಣ ಊರಿನ ಸಣ್ಣ ಸಂಕಟಗಳನ್ನು ನಿಧಾನವಾಗಿ ಹೇಳುತ್ತೇವೆ ಎಂಬ ಭರವಸೆ ಆ ಗುನುಗಿನಲ್ಲಿದೆ.

ನಾದಕ್ಕೆ ಎಷ್ಟು ಬಲವಿದೆ ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಾಲ್ಗುಡಿಯ ಚಿತ್ರಗಳನ್ನು ದನಿಯಿಲ್ಲದೆ ಬಿಟ್ಟು, ಪಕ್ಕದ ಫೋನಿನಲ್ಲಿ ಹರ್ಮನ್‌ನ ತಂತಿಗಳನ್ನು ಹಚ್ಚಿ. ಲಕ್ಷ್ಮಣರ ಒಂದು ಗೆರೆಯೂ ಬದಲಾಗಿಲ್ಲ, ಆದರೆ ಆ ಪಾಪದ ಊರಿನ ಮೂಲೆಯಲ್ಲಿ ಯಾರೋ ಅಡಗಿ ನಿಂತಂತಾಗುತ್ತದೆ. ಕಣ್ಣು ಊರನ್ನು ತೋರಿಸುತ್ತದೆ. ಆ ಊರನ್ನು ನಂಬಬೇಕೋ ಅಂಜಬೇಕೋ ಎಂದು ಹೇಳುವುದು ಕಿವಿ.

ಒಮ್ಮೊಮ್ಮೆ ಹೆಸರೊಂದೇ ಇಷ್ಟೂ ಕೆಲಸ ಮಾಡುತ್ತದೆ. ಗಿರೀಶ ಕಾರ್ನಾಡರು 1978ರ ತಮ್ಮ ಚಿತ್ರಕ್ಕೆ ‘ಒಂದಾನೊಂದು ಕಾಲದಲ್ಲಿ’ ಎಂದೇ ಹೆಸರಿಟ್ಟರು. ಹೊಯ್ಸಳರ ಕಾಲದ ಬಾಡಿಗೆ ಸೈನಿಕರ, ಕತ್ತಿವರಸೆಯ ಕಥೆ ಅದು. ಹೆಸರು ಮಾತ್ರ ಅಜ್ಜಿಯ ಮಡಿಲಿನದು. ಇತಿಹಾಸದ ಪಾಠವೆಂದು ನೋಡಬೇಡಿ, ಕಥೆಯೆಂದು ಕೇಳಿ ಎಂದು ಆ ಎರಡು ಪದಗಳೇ ಹೇಳಿಬಿಡುತ್ತವೆ.

ಈಗ ಮೊಬೈಲಿನಲ್ಲಿ ಚಿತ್ರ ನೋಡುವಾಗ ಈ ಭಾಗವನ್ನು ದಾಟಿಸುವ ಗುಂಡಿಯೊಂದು ತೆರೆಯ ಮೂಲೆಯಲ್ಲಿ ಕಾದಿರುತ್ತದೆ. ದಯವಿಟ್ಟು ಅದನ್ನು ಒತ್ತಬೇಡಿ. ಬೆಳಕು ಹಿಡಿದವರ, ಬಟ್ಟೆ ಹೊಲಿದವರ, ಅಕ್ಷರ ಬರೆದವರ ಹೆಸರು ನಮ್ಮ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ಯಾವ ಕಿವಿಯಿಂದ ಕೇಳಬೇಕು, ಯಾವ ಮನಸ್ಸಿನಿಂದ ನೋಡಬೇಕು ಎಂದು ಅವರು ನಮ್ಮನ್ನು ಅಣಿಗೊಳಿಸುವುದೂ ಅಲ್ಲಿಯೇ. ಇನ್ನು ಮುಂದೆ ಬಾಗಿಲಲ್ಲಿ ಯಾರಾದರೂ ‘ಪಿಚ್ಚರ್ ಸುರು ಆತೇನ್ರಿ?’ ಎಂದು ಕೇಳಿದರೆ ಸರಿಯಾದ ಉತ್ತರ ಇದು: ‘ಹೌದ್ರಿ, ಲಗೂನ ಬರ್ರಿ. ಹೆಸರು ಬೀಳಾಕತ್ತಾವ.’