ಅಳತೆ ಹಳೆಯದು, ಮದ್ದು ಹೊಸದು

ಮೂಡಿಗೆರೆ ಕಡೆಯ ಹಳೇ ತೋಟದ ಮನೆಗಳಲ್ಲಿ ಅಟ್ಟ ಗುಡಿಸಿದರೆ ಕೆಲವೊಮ್ಮೆ ಹಿಡಿಕೆಯಿರುವ ಪುಟ್ಟ ಹಿತ್ತಾಳೆ ಅಳತೆಯೊಂದು ಸಿಗುತ್ತದೆ. ಕಾಫಿಪುಡಿಗೆ ಇದ್ದಿರಬೇಕು ಅನ್ನಿಸುತ್ತದೆ. ಅಲ್ಲ, ಅದು ಕೋವಿಮದ್ದಿನ ಅಳತೆ. ಖಾಲಿ ತೋಟಾಕ್ಕೆ ಹೊಸ ಕೇಪು ಕೂರಿಸಿ, ಮಸಿ (ಹಳೇ ಕಪ್ಪು ಮದ್ದು) ಅಳೆದು ಸುರಿದು, ಬಿಲ್ಲೆ ಒತ್ತಿ, ಚರೆ ತುಂಬಿ, ಬಾಯಿ ಮಡಿಚುತ್ತಿದ್ದ ಕಾಲದ್ದು.

ಮಸಿಗೆ ಮಳೆಯೇ ಶತ್ರು. ಕಳಸದ ಆಷಾಢದಲ್ಲಿ ಉಪ್ಪಿನ ಡಬ್ಬಿಯೇ ನೀರೊಡೆಯುವಾಗ ಮದ್ದು ಒಣಗಿರುವುದು ಹೇಗೆ? ಕಾಗದದ ತೋಟಾ ಉಬ್ಬಿಕೊಂಡು ನಳಿಗೆಗೇ ಇಳಿಯುವುದಿಲ್ಲ. ಇಳಿದು ಸಿಡಿದರೂ ಎದುರಿಗೆ ಬಿಳಿ ಹೊಗೆ. ಎರಡನೇ ಗುರಿ ಕಾಣುವುದಿಲ್ಲ.

ಆದ್ದರಿಂದಲೇ ಬದಲಿ ಮದ್ದಿನ ಹುಡುಕಾಟ. 1860ರ ದಶಕದಲ್ಲಿ ಪ್ರಷ್ಯಾದ ಸೇನಾಧಿಕಾರಿ ಶುಲ್ಟ್ಜ್ ಮರದಿಂದ ಮದ್ದು ಮಾಡಿದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್, 1887ರಲ್ಲಿ ನೊಬೆಲ್ ತಮ್ಮ ತಮ್ಮ ಹೊಗೆರಹಿತ ಮದ್ದು ತಂದರು. ಮಂಜರಾಬಾದಿನ ಪ್ಲಾಂಟರ್ ರಾಬರ್ಟ್ ಎಲಿಯಟ್ ಮೈಸೂರು ಸೀಮೆಯ ಚಿನ್ನ, ಶಿಕಾರಿ, ಕಾಫಿ ಕುರಿತ ಪುಸ್ತಕ ತಂದ 1894ರ ಹೊತ್ತಿಗೆ ಮಾರುಕಟ್ಟೆಯಲ್ಲಿ ಎರಡು ಜಾತಿಯ ಹೊಸ ಮದ್ದಿದ್ದವು. ಒಂದನ್ನು ಹಳೇ ಅಳತೆಯಲ್ಲೇ ತುಂಬಬಹುದಿತ್ತು, ಹಾಗೆಂದೇ ತಯಾರಾದದ್ದು. ನೊಬೆಲ್‌ನ ಬ್ಯಾಲಿಸ್ಟೈಟ್ ಹಾಗಲ್ಲ, ತೂಗಿಯೇ ಹಾಕಬೇಕು. ಇದನ್ನು ಅದೇ ಅಳತೆ ತುಂಬ ಸುರಿದರೆ ನಳಿಗೆ ಸೀಳುತ್ತದೆ, ಕೈಯೂ ಉಳಿಯದು.

ಅಮೆರಿಕದ ತೋಟಾ ಡಬ್ಬಿಗಳ ಮೇಲೆ ಈಗಲೂ ‘ಡ್ರಾಮ್’ ಎಂಬ ಹಳೇ ತೂಕದ ಲೆಕ್ಕ ಅಚ್ಚಾಗಿರುವುದುಂಟು. 3 ಎಂದಿದ್ದರೆ ಒಳಗೆ 3 ಡ್ರಾಮ್ ಮದ್ದಿದೆ ಎಂದಲ್ಲ. ಅಷ್ಟು ಮಸಿ ಕೊಡುತ್ತಿದ್ದ ವೇಗ ಇದಕ್ಕೂ ಇದೆ ಎಂದರ್ಥ. ಒಳಗಿನ ಮದ್ದು ಅದರ ಮೂರನೇ ಒಂದು ಪಾಲೂ ಇರುವುದಿಲ್ಲ. ಇಷ್ಟು ದಾರಿ ತಪ್ಪಿಸುವ ಅಂಕೆಯನ್ನು ಯಾಕೆ ಉಳಿಸಿಕೊಂಡರೋ!

ಇನ್ನು ತುಂಬಿದ ತೋಟಾದ ಪರೀಕ್ಷೆ. ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ ಗುರಿಯಿಡುವುದು ತೆಂಗಿನಕಾಯಿಗೆ. ಕಾಯಿ ಸಿಡಿದರೆ ಗೆದ್ದ ಹಾಗೆ. ಚರೆಯ ತೋಟಾಕ್ಕೆ ಬೇರೆ ಲೆಕ್ಕ. 40 ಗಜ ದೂರಕ್ಕೆ ದೊಡ್ಡ ಕಾಗದ ಕಟ್ಟಿ ಹೊಡೆದು, ಒತ್ತಾಗಿ ಬಿದ್ದ ಕಡೆ 30 ಇಂಚು ಅಗಲದ ವೃತ್ತ ಎಳೆದು, ಒಳಗಿನ ತೂತು ಎಣಿಸುತ್ತಾರೆ. ಬಾಯಿ ಬಿಗಿಯಾದ ನಳಿಗೆಗೆ ನೂರಕ್ಕೆ 70 ಚರೆ ಒಳಗಿರಬೇಕು. ಆದರೆ ಕಾಗದ ಹೇಳುವುದು ಚರೆಯ ಕತೆಯನ್ನು ಮಾತ್ರ. ನಳಿಗೆಯೊಳಗೆ ಒತ್ತಡ ಎಷ್ಟಿತ್ತು ಎಂಬುದನ್ನು ಅದೂ ಹೇಳದು, ಭುಜಕ್ಕೆ ಬಿದ್ದ ಒದೆತವೂ ಹೇಳದು. ಒತ್ತಡಕ್ಕೆ ತಾಮ್ರ ಅಥವಾ ಸೀಸದ ಸಣ್ಣ ತುಂಡೊಂದು ಎಷ್ಟು ಚಪ್ಪಟೆಯಾಯಿತೆಂದು ಅಳೆಯುವ ಉಪಕರಣ ಬೇಕಿತ್ತು. ಅದು ಪ್ರಯೋಗಶಾಲೆಯ ಕೆಲಸ. ಕಣದಲ್ಲಿ ನಿಂತು ಮಾಡುವುದಲ್ಲ.

ಅಜ್ಜನ ಕಾಲದ ಇಂಗ್ಲಿಷ್ ಜೋಡುನಳಿಗೆಯಿದ್ದರೆ ಇನ್ನೂ ಎಚ್ಚರ ಬೇಕು. ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದಾದರೆ ನಳಿಗೆಯ ಅಡಿಯಲ್ಲಿ ‘ನೈಟ್ರೋ ಪ್ರೂಫ್’ ಮುದ್ರೆ ಇರುತ್ತದೆ. ಮುದ್ರೆಯಿಲ್ಲದ ಕೋವಿ ಗೋಡೆಯ ಮೇಲೇ ಚೆಂದ. ಮೇಲಾಗಿ, ಕೋವಿಗೆ ಲೈಸನ್ಸ್ ಇದೆ ಎಂದು ತೋಟಾ ತಯಾರಿಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಅದಕ್ಕೆ ಬೇರೆಯೇ ಪರವಾನಗಿ ಕೇಳುತ್ತದೆ.

ಅಂದಹಾಗೆ, ಅಟ್ಟದ ಮೇಲಿನ ಆ ಹಿತ್ತಾಳೆ ಅಳತೆಗಳಲ್ಲಿ ಮದ್ದಿನ ಜೊತೆ ಸೀಸದ ಚರೆಯನ್ನೂ ಅಳೆಯುತ್ತಿದ್ದರು. ಕಾಫಿಪುಡಿಗೆ ಬೇರೆ ಚಮಚ ನೋಡಿಕೊಳ್ಳಿ.