ಗಡಿಯೂರಿನ ಕಪಾಟಿನಲ್ಲಿ ಕನ್ನಡ ಪುಸ್ತಕ

ಝರಾಸಂಗಂ ಕ್ಷೇತ್ರದಲ್ಲಿ ಕೇತಕಿ ಸಂಗಮೇಶ್ವರನ ದರ್ಶನಕ್ಕೆಂದು ನೆರೆದವರ ನಡುವೆ ಸ್ವಲ್ಪ ಹೊತ್ತು ನಿಂತರೆ ಕನ್ನಡ, ತೆಲುಗು, ಮರಾಠಿ ಮೂರೂ ಕಿವಿಗೆ ಬೀಳುತ್ತವೆ. ಸಂಗಮೇಶ್ವರನು ಯಾರ ಭಾಷೆಯನ್ನೂ ವಿಚಾರಿಸುವವನಲ್ಲ. ಗ್ರಂಥಾಲಯದ ಕಪಾಟಾದರೋ ವಿಚಾರಿಸದೆ ಬಿಡದು. ಅದರಲ್ಲಿ ಯಾವ ಪುಸ್ತಕವಿರಬೇಕು, ಯಾವುದು ಬೇಡ ಎಂಬುದನ್ನು ಯಾರೋ ಎಲ್ಲಿಯೋ ಕುಳಿತು ನಿಶ್ಚಯಿಸಿರುತ್ತಾರೆ. ಆ ನಿಶ್ಚಯ ಹೇಗೆ ನಡೆಯುತ್ತದೆಂಬುದನ್ನು ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಕನ್ನಡ ಮನೆಗಳವರು ತಿಳಿದುಕೊಳ್ಳುವುದು ಅಗತ್ಯವೆಂದು ನಮಗೆ ತೋರಿದೆ.

1956ರ ಅಕ್ಟೋಬರ್ ಮುಗಿಯುವವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯದಾಗಿತ್ತು. ನವೆಂಬರ್ 1ರ ಪುನರ್ವಿಂಗಡಣೆಯಲ್ಲಿ ಜಹೀರಾಬಾದ್ ತಾಲೂಕಿನ ನಿರ್ಣಾ ವೃತ್ತ ಮಾತ್ರ ಮೈಸೂರು ರಾಜ್ಯಕ್ಕೆ ಬಂದಿತು, ಉಳಿದ ಭಾಗ ಆಂಧ್ರಪ್ರದೇಶಕ್ಕೆ ಸೇರಿತು. ಒಂದೇ ತಾಲೂಕಿನ ಬೀಗರು ಎರಡು ರಾಜ್ಯದವರಾದರು. ಗ್ರಂಥಾಲಯಗಳಿಗೂ ಎರಡು ಕಾನೂನುಗಳಾದವು. ಹೈದರಾಬಾದು ರಾಜ್ಯದಲ್ಲಿ 1955ರಲ್ಲಿಯೇ ಗ್ರಂಥಾಲಯ ಶಾಸನವಿದ್ದಿತು. ಅದರ ಸ್ಥಾನದಲ್ಲಿ 1960ರ ಆಂಧ್ರ ಶಾಸನ ಬಂದಿತು. 2014ರಲ್ಲಿ ತೆಲಂಗಾಣವು ಪ್ರತ್ಯೇಕವಾದ ಮೇಲೆಯೂ ಅದೇ ಮುಂದುವರಿದಿದೆ. ಗಡಿಯ ಈಚೆಗೆ ಮೈಸೂರು ರಾಜ್ಯದ ಶಾಸನ 1965ರದು.

ಆಂಧ್ರ ಶಾಸನದಂತೆ ಮನೆತೆರಿಗೆಯ ಪ್ರತಿ ರೂಪಾಯಿಗೆ 8 ಪೈಸೆ ಗ್ರಂಥಾಲಯ ಕರವೆಂದು ವಸೂಲಾಗಿ ಜಿಲ್ಲಾ ಗ್ರಂಥಾಲಯ ಸಂಸ್ಥೆಗೆ ಸಲ್ಲುತ್ತದೆ. ಈ ಕರವನ್ನು ಕನ್ನಡದ ಮನೆಯೂ ಕೊಡುತ್ತದೆ, ತೆಲುಗಿನ ಮನೆಯೂ ಕೊಡುತ್ತದೆ. ಆದುದರಿಂದ ಕನ್ನಡ ಪುಸ್ತಕ ಬೇಕೆಂದು ಕೇಳುವವರು ದಾನ ಬೇಡಿದಂತಾಗುವುದಿಲ್ಲ.

ಕರ್ನಾಟಕದಲ್ಲಾದರೆ ಆಯ್ಕೆ ಸಮಿತಿಯು ಒಪ್ಪಿದ ಕನ್ನಡ ಪುಸ್ತಕದ 300 ಪ್ರತಿಗಳವರೆಗೆ ಗ್ರಂಥಾಲಯ ಇಲಾಖೆ ಕೊಳ್ಳುವ ಪದ್ಧತಿ ಬೆಳೆದು ಬಂದಿದೆ. ಆ ಪ್ರತಿಗಳು ಬೀದರದ ವರೆಗೆ ಬರುತ್ತವೆ. ಬೀದರದಿಂದ ಜಹೀರಾಬಾದಿಗೆ ಸುಮಾರು 30 ಕಿಲೋಮೀಟರು. ಬಸ್ಸು ಬರುತ್ತದೆ, ಬೀಗರು ಬರುತ್ತಾರೆ, ಪುಸ್ತಕ ಮಾತ್ರ ಅಲ್ಲಿಯೇ ನಿಲ್ಲುತ್ತದೆ.

ಇನ್ನು ಈ ಕಡೆಯ ಗ್ರಂಥಪಾಲರ ಸ್ಥಿತಿಯನ್ನು ನೋಡೋಣ. ಹಣ ಅಲ್ಪ, ಕೇಳುವವರು ಬಹಳ. ಉದ್ಯೋಗದ ಪರೀಕ್ಷೆಗೆ ಓದುವ ತರುಣರು ಬೆಳಿಗ್ಗೆಯೇ ಬಂದು ಕುಳಿತಿರುತ್ತಾರೆ. ಅವರ ಬೇಡಿಕೆ ಕಣ್ಣಿಗೆ ಕಾಣುತ್ತದೆ. ನಮ್ಮ ಬೇಡಿಕೆ ಕಾಣಬೇಕಾದರೆ ಇರುವ ಸಾಕ್ಷ್ಯಗಳು ಮೂರೇ: ಸದಸ್ಯರ ಪಟ್ಟಿ, ಸಲಹಾ ಪುಸ್ತಕ, ಮತ್ತು ಪ್ರತಿಯೊಂದು ಪುಸ್ತಕದ ಕೊನೆಗೆ ಅಂಟಿಸಿದ ತಾರೀಖಿನ ಚೀಟಿ. ಕನ್ನಡ ಪುಸ್ತಕದ ಚೀಟಿಯಲ್ಲಿ ಮುದ್ರೆಯೇ ಬಿದ್ದಿರದಿದ್ದರೆ ಓದುವವರಿಲ್ಲವೆಂದು ಅವರು ತಿಳಿಯುವುದು ಸಹಜ. ಓದುವವರಿಲ್ಲವೆಂದು ಪುಸ್ತಕ ಬಾರದು. ಪುಸ್ತಕವಿಲ್ಲವೆಂದು ನಾವು ಹೋಗೆವು.

ಈ ಸುಳಿಯಿಂದ ಪಾರಾಗಲು ಅನೇಕರು ಹಿಡಿಯುವ ದಾರಿ ಪುಸ್ತಕದಾನ. ನಾವೂ ಒಮ್ಮೆ ಆ ಪುಣ್ಯ ಕಟ್ಟಿಕೊಂಡೆವು. ಮನೆಯಲ್ಲಿ ಬೇಡವಾದ ಹಳೆಯ ಪಠ್ಯಪುಸ್ತಕ, ಮುಗಿದ ವರ್ಷಗಳ ಪಂಚಾಂಗ, ಯಾವುದೋ ಸಮಾರಂಭದ ಸ್ಮರಣ ಸಂಚಿಕೆ, ಎಲ್ಲವನ್ನೂ ಒಂದು ಚೀಲದಲ್ಲಿ ತುಂಬಿ ಒಂದು ವಾಚನಾಲಯಕ್ಕೆ ಕೊಟ್ಟು ಬಂದೆವು. ಅಲ್ಲಿಯ ಗ್ರಂಥಪಾಲರು ಮರ್ಯಾದೆಯಿಂದ ತೆಗೆದುಕೊಂಡರು. ಆ ಬಳಿಕವೇ ನಮಗೆ ಹೊಳೆದುದು: ಯಾರೂ ಮುಟ್ಟದ ಪುಸ್ತಕಗಳನ್ನು ಕೊಟ್ಟು, ಕನ್ನಡಕ್ಕೆ ಓದುಗರಿಲ್ಲವೆಂಬ ಸಾಕ್ಷ್ಯವನ್ನು ನಾವೇ ಒದಗಿಸಿದ್ದೆವು!

ಗ್ರಂಥಾಲಯವು ಬೆಳೆಯುವ ಜೀವಿಯೆಂದು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳಲ್ಲಿ ಹೇಳಿದರು. ಬೆಳೆಯುವ ಹೊಲಕ್ಕೆ ಕಳೆ ಕೀಳುವ ಕೆಲಸವೂ ಇದ್ದೇ ಇದೆ. ಹರಿದುದು, ಕಾಲ ಮೀರಿದುದು ಹೋಗಬೇಕು. ಆದರೆ ನಮ್ಮಲ್ಲಿ ಲೆಕ್ಕ ತಪ್ಪುವ ಭಯ ದೊಡ್ಡದು. ಕೇಂದ್ರ ಸರಕಾರದ ಹಣಕಾಸು ನಿಯಮಗಳೇ ಸಾವಿರ ಪುಸ್ತಕಗಳ ಬಳಕೆಗೆ ವರ್ಷಕ್ಕೆ ಐದು ಕಳೆದರೆ ಅದನ್ನು ಸಹಜವೆಂದು ಒಪ್ಪುತ್ತವೆ. ಹಾಗಿದ್ದೂ ಬೀಗ ಹಾಕಿದ ಕಪಾಟುಗಳು ಎಷ್ಟಿಲ್ಲ! ಅಲ್ಲಿ ಪುಸ್ತಕ ಭದ್ರ, ಓದುಗ ಮಾಯ.

ಹಾಗಾದರೆ ಯಾವ ಪುಸ್ತಕಗಳನ್ನು ಕೇಳಬೇಕು? ಕನ್ನಡ ಪುಸ್ತಕವೆಂದೊಡನೆ ಮಹಾಕಾವ್ಯಗಳ ಪಟ್ಟಿ ಹಿಡಿದು ಹೊರಡುವವರಿದ್ದಾರೆ; ಅದು ಅಷ್ಟು ಉಪಯುಕ್ತವೆಂದು ನಮಗೆ ಅನಿಸುವುದಿಲ್ಲ. ಶಾಲೆಯಲ್ಲಿ ತೆಲುಗು ಓದುವ ಮಗುವಿಗೆ ಕನ್ನಡ ಅಕ್ಷರ ಅಪರಿಚಿತವಲ್ಲ, ಲಿಪಿಗಳು ಅಕ್ಕತಂಗಿಯರಂತಿವೆ. ಆ ಮಗುವಿಗೆ ದೊಡ್ಡ ಅಕ್ಷರದ ಚಿತ್ರಕಥೆಗಳು, ತೆಲುಗಿನ ಮೂಲಕ ಕನ್ನಡ ಕಲಿಸುವ ಪುಸ್ತಕ ಬೇಕು. ಅಜ್ಜಿಗೆ ವಚನಗಳು ಬೇಕು, ಅವೂ ದಪ್ಪ ಅಕ್ಷರದಲ್ಲಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ದೊರಕಿತು. ಅಲ್ಲಿಯ ಕನ್ನಡ ರೈತನಿಗೆ ತೊಗರಿಯ ಬೇಸಾಯದ ಪುಸ್ತಕ ಕನ್ನಡದಲ್ಲಿ ಸಿಕ್ಕರೆ ಬೇಡವೆನ್ನುವನೆ? ಡ್ಯೂಯಿಯ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ತೆಲುಗಿನದು 894.827. ಕಪಾಟಿನಲ್ಲಿಯೂ ಇವು ನೆರೆಮನೆಯವೇ.

ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಸಾಮಗ್ರಿ ಒದಗಿಸಬೇಕೆಂದು ಯುನೆಸ್ಕೋದ 1994ರ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ ಸ್ಪಷ್ಟವಾಗಿ ಹೇಳಿದೆ. ಪ್ರಣಾಳಿಕೆ ದೂರದ ಮಾತು. ಸಲಹಾ ಪುಸ್ತಕ ಹತ್ತಿರದ್ದು. ಅದರಲ್ಲಿ ಬರೆಯುವಾಗ “ಕನ್ನಡ ಪುಸ್ತಕ ತರಿಸಿರಿ” ಎಂದಷ್ಟೇ ಬರೆದರೆ ಯಾವ ಸಮಿತಿಗೂ ಏನೂ ತಿಳಿಯದು. ಪುಸ್ತಕದ ಹೆಸರು, ಲೇಖಕ, ಪ್ರಕಾಶಕ, ಬೆಲೆ ನಾಲ್ಕನ್ನೂ ಬರೆಯಬೇಕು. ಕೆಳಗೆ ಮನೆಯವರೆಲ್ಲರೂ ಸದಸ್ಯ ಸಂಖ್ಯೆಯೊಡನೆ ಸಹಿ ಹಾಕಬೇಕು. ಪುಸ್ತಕ ಬಂದ ವಾರದೊಳಗೆ ಮನೆಗೆ ಒಯ್ಯಬೇಕು, ಓದಿದ ಬಳಿಕ ಬೀಗರ ಮನೆಗೆ ದಾಟಿಸದೆ ಹೊತ್ತಿಗೆ ಸರಿಯಾಗಿ ಮರಳಿಸಬೇಕು.

ನಾವು ಕೊಟ್ಟಿದ್ದ ಪಂಚಾಂಗಗಳನ್ನು ಕ್ಷಮೆ ಕೇಳಿ ಹಿಂದಕ್ಕೆ ತಂದೆವು. ಗ್ರಂಥಪಾಲರು ನಕ್ಕು, ಸಲಹಾ ಪುಸ್ತಕವನ್ನು ನಮ್ಮ ಮುಂದೆ ಸರಿಸಿದರು.