ಒಣಗಿದ ಮೈಯಲ್ಲಿ ಕೊಬ್ಬಿದ ಲಿವರ್

ಕುಡಿಯುವವನ ಆರೋಗ್ಯವನ್ನು ಅವನ ಮೈ ನೋಡಿ ಅಳೆಯುವುದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮಾತ್ರವಲ್ಲ, ಎಲ್ಲ ಕಡೆಯೂ ಇರುವ ರೂಢಿ. ಹೊಟ್ಟೆ ಬಂದವನನ್ನು ಕಂಡರೆ ಕುಡಿತ ಜಾಸ್ತಿಯಾಯಿತು ಅನ್ನುತ್ತಾರೆ. ತೆಳ್ಳಗಿದ್ದು ದಿನವೂ ಹೊಲಕ್ಕೆ ಹೋಗಿ ದುಡಿಯುವವನಿಗೆ ಮಾತ್ರ ವಿನಾಯಿತಿ: ಅವನು ಕುಡಿದದ್ದೆಲ್ಲ ಬೆವರಲ್ಲಿ ಹೋಗುತ್ತದಂತೆ. ಈ ನಂಬಿಕೆ ಅಪಾಯಕಾರಿ. ವರ್ಷಗಟ್ಟಲೆ ಕುಡಿದ ದೇಹದಲ್ಲಿ ಕೊಬ್ಬು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದೇ ಮುಖ್ಯ, ಅದು ಹೊರಗಿನಿಂದ ಕಾಣುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಕರ್ನಾಟಕದಲ್ಲಿ ಪ್ಯಾಕೆಟ್ ಸಾರಾಯಿ 2007ರ ಜುಲೈ 1ರಿಂದ ನಿಂತಿತು. ಕುಡಿತ ನಿಲ್ಲಲಿಲ್ಲ. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್, ಬ್ರಾಂದಿ ಬಂದವು. ಕೂಲಿ ಮುಗಿಸಿ ಬಂದವನ ಕೈಯಲ್ಲಿ ಈಗ ಇರುವುದು 90 ಅಥವಾ 180 ಎಂಎಲ್‌ನ ಟೆಟ್ರಾ ಪ್ಯಾಕ್. ಅದರ ಮೇಲೆ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್ ಎಂದು ಅಚ್ಚಾಗಿರುತ್ತದೆ. ಅಂದರೆ 180 ಎಂಎಲ್‌ನ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಒಂದು ಗ್ರಾಂ ಸಕ್ಕರೆ ಅಥವಾ ಪಿಷ್ಟ 4 ಕ್ಯಾಲೊರಿ ಕೊಟ್ಟರೆ, ಕೊಬ್ಬು 9 ಕೊಡುತ್ತದೆ, ಆಲ್ಕೋಹಾಲ್ 7. ಹಾಗಾಗಿ ಒಂದು ಕ್ವಾರ್ಟರ್ ಎಂದರೆ 400ಕ್ಕೂ ಹೆಚ್ಚು ಕ್ಯಾಲೊರಿ, ಸುಮಾರು 130 ಗ್ರಾಂ ರಾಗಿಹಿಟ್ಟಿನ ಮುದ್ದೆಯಷ್ಟು. ಆದರೆ ಅಷ್ಟು ರಾಗಿಯಲ್ಲಿ 9 ಗ್ರಾಂನಷ್ಟು ಪ್ರೋಟೀನ್, 400 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ, ನಾರು, ಬಿ ಜೀವಸತ್ವಗಳು ಇರುತ್ತವೆ. ಕ್ವಾರ್ಟರ್‌ನಲ್ಲಿ ಇವು ಯಾವುವೂ ಇಲ್ಲ.

ಹಾಗಾದರೆ ಆ ಕ್ಯಾಲೊರಿಯೆಲ್ಲ ನೇರವಾಗಿ ಕೊಬ್ಬಾಗಿ ಹೊಟ್ಟೆಗೆ ಅಂಟಿಕೊಳ್ಳುತ್ತದೆಯೇ? ಇಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಕ್ ಹೆಲರ್‌ಸ್ಟೈನ್ ತಂಡ 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಆರೋಗ್ಯವಂತ ಗಂಡಸರಿಗೆ 24 ಗ್ರಾಂ ಆಲ್ಕೋಹಾಲ್ ಕೊಟ್ಟು ನೋಡಿದರು. ಅದು ನಮ್ಮ 90 ಎಂಎಲ್ ಪ್ಯಾಕಿಗಿಂತಲೂ ಕಡಿಮೆ. ಅದರಲ್ಲಿ ಕೊಬ್ಬಾಗಿ ಬದಲಾದದ್ದು ಶೇ. 5ಕ್ಕಿಂತ ಕಡಿಮೆ. ಆದರೆ ಆ ಹೊತ್ತಿನಲ್ಲಿ ಇಡೀ ದೇಹ ಕೊಬ್ಬನ್ನು ಉರಿಸುವ ಪ್ರಮಾಣ ಶೇ. 73ರಷ್ಟು ಕುಸಿದಿತ್ತು. ಇಡೀ ವಿಷಯದ ಬೀಗದಕೈ ಇದೇ ಎಂದು ನನಗನ್ನಿಸುತ್ತದೆ. ಮದ್ಯ ಕೊಬ್ಬನ್ನು ತಂದು ಸುರಿಯುವುದಕ್ಕಿಂತ ಹೆಚ್ಚಾಗಿ, ಇರುವ ಕೊಬ್ಬು ಖರ್ಚಾಗದಂತೆ ತಡೆಯುತ್ತದೆ. ಜೊತೆಗೆ ನೆಂಚಿಕೊಂಡ ಬೋಂಡ, ಕಬಾಬು, ಹುರಿದ ಕಡಲೆಬೀಜದ ಎಣ್ಣೆಯಂಶ ಉರಿಯದೆ ಉಳಿಯುತ್ತದೆ. ವಾರಕ್ಕೆರಡು ಸಲ ಕುಡಿದು ಚೆನ್ನಾಗಿ ಉಣ್ಣುವವರಿಗೆ ಹೊಟ್ಟೆ ಬರುವುದು ಹೀಗೆ.

ಹೀಗಾಗಲು ಕಾರಣ ಲಿವರ್‌ನ ಒಳಗಿದೆ. ದೇಹಕ್ಕೆ ಆಲ್ಕೋಹಾಲನ್ನು ಕೂಡಿಡುವ ಜಾಗವಿಲ್ಲ. ಅದು ವಿಷವಾದ್ದರಿಂದ ಲಿವರ್ ಬೇರೆ ಕೆಲಸ ಬಿಟ್ಟು ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತದೆ. ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ಅಸಿಟೇಟ್. ಎರಡೂ ಹಂತಕ್ಕೆ ಎನ್‌ಎಡಿ ಎಂಬ ಸಹಾಯಕ ಅಣು ಬೇಕು. ಕೊಬ್ಬು ಉರಿಸುವುದಕ್ಕೂ ಅದೇ ಬೇಕು. ಎನ್‌ಎಡಿಯೆಲ್ಲ ಮದ್ಯದ ಹಿಂದೆ ಬಿದ್ದಾಗ ಕೊಬ್ಬಿನಾಮ್ಲಗಳು ಉರಿಯದೆ ಲಿವರ್‌ನಲ್ಲೇ ಟ್ರೈಗ್ಲಿಸರೈಡ್ ಹನಿಗಳಾಗಿ ತಂಗುತ್ತವೆ. ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದು ಬರುವುದು ಇದಕ್ಕೇ. ವಯಸ್ಕರ ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನಷ್ಟೇ ಕಳೆಯಬಲ್ಲದು. ವೈನಾಡಿನಲ್ಲಿ ಮಳೆ ಜೋರಾದಾಗ ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯಲ್ಲಿ ಗೇಟು ಎತ್ತಿ ಹೆಚ್ಚಾದ ನೀರನ್ನು ಹೊಳೆಗೆ ಬಿಡುತ್ತಾರೆ. ಲಿವರ್‌ಗೆ ಅಂಥ ಗೇಟಿಲ್ಲ. ರಾತ್ರಿ ಎಂಟಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ಲಿವರ್ ಬೆಳಗಿನ ಜಾವದವರೆಗೂ ಅದನ್ನೇ ಕಳೆಯುತ್ತಿರುತ್ತದೆ. ದಿನವೂ ಕುಡಿದರೆ ಕೊಬ್ಬು ಉರಿಸಲು ಅದಕ್ಕೆ ಬಿಡುವಾದರೂ ಎಲ್ಲಿ?

ಕುಡಿತ ವರ್ಷಗಟ್ಟಲೆ ನಡೆದಾಗ ಕಥೆ ತಿರುಗುತ್ತದೆ. ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಿದ ಚಾರ್ಲ್ಸ್ ಲೀಬರ್, 1968ರಲ್ಲಿ ಡಿಕಾರ್ಲಿ ಜೊತೆ, ಲಿವರ್‌ನಲ್ಲಿ ಆಲ್ಕೋಹಾಲ್ ಕಳೆಯುವ ಇನ್ನೊಂದು ದಾರಿಯನ್ನು ತೋರಿಸಿದರು. ವಿಪರೀತ ಕುಡಿಯುವವರಲ್ಲಿ ಈ ದಾರಿ ಚುರುಕಾಗುತ್ತದೆ. ಆದರೆ ಇದರಲ್ಲಿ ಸಾಗಿದ ಆಲ್ಕೋಹಾಲಿನ ಶಕ್ತಿಯಲ್ಲಿ ಒಂದು ಪಾಲು ಬರೀ ಶಾಖವಾಗಿ ಪೋಲಾಗುತ್ತದೆ. ಕುಡುಕನ ಕ್ಯಾಲೊರಿ ಕಾಗದದ ಮೇಲಿದ್ದಷ್ಟು ಮೈಗೆ ಹತ್ತದಿರಲು ಇದೂ ಒಂದು ಕಾರಣ. ರೋಮ್‌ನಲ್ಲಿ ಅಡೊಲೊರಾಟೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೀರ್ಘಕಾಲ ವಿಪರೀತ ಕುಡಿದವರ ಮೈಯಲ್ಲಿ ಕೊಬ್ಬು ಕುಡಿಯದವರಿಗಿಂತ ಕಡಿಮೆ ಇತ್ತು. ಸುಮ್ಮನೆ ಕೂತಾಗಲೂ ಅವರ ದೇಹ ಹೆಚ್ಚು ಶಕ್ತಿ ಖರ್ಚು ಮಾಡುತ್ತಿತ್ತು. ಮೂರು ತಿಂಗಳು ಬಿಟ್ಟ ಮೇಲೆ ತೂಕವೂ ಕೊಬ್ಬೂ ಮರಳಿದವು.

ಚರ್ಮದಡಿಯ ಕೊಬ್ಬು ಕರಗುತ್ತದೆ, ಅದರಿಂದ ಹೊರಟ ಕೊಬ್ಬಿನಾಮ್ಲದಲ್ಲಿ ಒಂದು ಪಾಲು ಲಿವರ್ ಸೇರುತ್ತದೆ. ಮಾಂಸಖಂಡ ಹೊಸ ಪ್ರೋಟೀನ್ ಕಟ್ಟುವುದು ಕುಗ್ಗುತ್ತದೆ. ತೋಳು ತೊಡೆ ಸಣ್ಣಗಾಗುತ್ತವೆ. ಹೊರಗೆ ಒಣಗಿದ ಮೈ, ಒಳಗೆ ಕೊಬ್ಬಿದ ಲಿವರ್. ಆ ಬಡಕಲು ಮೈಗೆ ಆಮೇಲೆ ಹೊಟ್ಟೆ ಮಾತ್ರ ದಪ್ಪವಾದರೆ ಅದು ಮೈ ಹತ್ತಿದ್ದಲ್ಲ. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡಿರಬಹುದು. ಕಣ್ಣು ಹಳದಿಯಾಗಿ ಕಾಲು ಊದಿದರಂತೂ ಒಂದು ದಿನವೂ ಕಾಯಬಾರದು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಮೈಸೂರಿನಲ್ಲಿ ಜನ ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ ಬರೆದಿಟ್ಟಿತ್ತು. ಆ ದಾಖಲೆ ಹಿಡಿದು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಹುಟ್ಟಿದಾಗಿನ ಮೈಕಟ್ಟಿಗೂ ನಡುವಯಸ್ಸಿನ ಸಕ್ಕರೆ ಕಾಯಿಲೆಗೂ ಇರುವ ನಂಟನ್ನು ಹುಡುಕಿದರು. ಪುಣೆಯ ಚಿತ್ತರಂಜನ್ ಯಾಜ್ಞಿಕ್ ತೋರಿಸಿದಂತೆ, ತೆಳ್ಳಗೆ ಕಾಣುವ ಭಾರತೀಯರ ಮೈಯಲ್ಲಿ ಕೊಬ್ಬಿನ ಪಾಲು ಹೆಚ್ಚು, ಮಾಂಸಖಂಡ ಕಡಿಮೆ. ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಎಚ್ಚರವಹಿಸಬೇಕು ಎಂಬ ಕಟ್ಟುನಿಟ್ಟಿನ ಅಳತೆ ನಮಗೆ ಬಂದದ್ದು ಇದೇ ಕಾರಣಕ್ಕೆ. ಅಂಥ ದೇಹಕ್ಕೆ ಮದ್ಯವೂ ಸೇರಿದರೆ ಇನ್ಸುಲಿನ್‌ಗೆ ಲಿವರ್ ಸರಿಯಾಗಿ ಮಣಿಯುವುದಿಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆಯಾದ್ದರಿಂದ ಅಷ್ಟೇ ಕುಡಿದರೂ ಪೆಟ್ಟು ಹೆಚ್ಚು.

ಹೊಗೆಸೊಪ್ಪಿನ ಹೊಲದಲ್ಲೋ ಶುಂಠಿ ಹೊಲದಲ್ಲೋ ದಿನವಿಡೀ ದುಡಿದು, ಉಣ್ಣದೆ ಕುಡಿದು ಮಲಗುವವರ ಬಗ್ಗೆ ನನಗೆ ಹೆಚ್ಚು ಆತಂಕ. ದುಡಿಮೆಯಿಂದ ಲಿವರ್‌ನಲ್ಲಿದ್ದ ಸಕ್ಕರೆಯ ದಾಸ್ತಾನು ಮುಗಿದಿರುತ್ತದೆ. ಹೊಸ ಸಕ್ಕರೆ ತಯಾರಿಸುವುದಕ್ಕೆ ಮದ್ಯ ಅಡ್ಡಿ ಮಾಡುತ್ತದೆ. ರಕ್ತದ ಸಕ್ಕರೆ ಇಳಿಯುತ್ತಾ ಹೋಗಿ ಮನುಷ್ಯ ಬೆವರುತ್ತಾನೆ, ತೊದಲುತ್ತಾನೆ, ಎಚ್ಚರ ತಪ್ಪುತ್ತಾನೆ. ನೋಡಿದವರು ಅಮಲು ಜಾಸ್ತಿಯಾಗಿದೆ ಎಂದು ಹಾಗೇ ಬಿಟ್ಟು ಹೋಗುತ್ತಾರೆ. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಬೇಗ ಆಗಬಹುದು. ಎಬ್ಬಿಸಿದರೂ ಏಳದವರ ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಮಗ್ಗುಲಾಗಿಸಿ 108ಕ್ಕೆ ಕರೆ ಮಾಡಬೇಕು. ಮೈಕೈ ನೋವಿಗೆ ನುಂಗುವ ಪ್ಯಾರಸಿಟಮಾಲ್ ಕೂಡ ದಿನವೂ ಕುಡಿಯುವವರ ಲಿವರ್‌ಗೆ ಹೆಚ್ಚು ಅಪಾಯ. ಲೀಬರ್ ಹೇಳಿದ ಆ ಎರಡನೇ ದಾರಿಯೇ ಆ ಮಾತ್ರೆಯನ್ನು ವಿಷವಾಗಿಸುತ್ತದೆ.

ಸಮಾಧಾನದ ಸಂಗತಿಯೂ ಇದೆ. ಬರೀ ಕೊಬ್ಬು ತುಂಬಿದ ಹಂತದಲ್ಲಿ ಪೂರ್ತಿ ಬಿಟ್ಟರೆ ಕೆಲವೇ ವಾರಗಳಲ್ಲಿ ಲಿವರ್ ಹಗುರಾಗುತ್ತದೆ. ದೇಹದ ಬೇರೆ ಯಾವ ಅಂಗವೂ ಇಷ್ಟು ಉದಾರವಾಗಿ ಚೇತರಿಸಿಕೊಳ್ಳುವುದನ್ನು ನಾನು ಕಾಣೆ. ಆದರೆ ವರ್ಷಗಟ್ಟಲೆ ದಿನವೂ ಕುಡಿದವರು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬಾರದು. ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಪ್ರಾಣವೇ ಹೋಗಬಹುದು. ವೈದ್ಯರ ಕಣ್ಗಾವಲಲ್ಲಿ ಬಿಡಿಸಬೇಕು. ಸರಗೂರಿನಲ್ಲಿ ವಿವೇಕಾನಂದ ಸ್ಮಾರಕ ಆಸ್ಪತ್ರೆ ಇದೆ, 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸಂಸ್ಥೆಯದು. ತಾಲ್ಲೂಕು ಆಸ್ಪತ್ರೆಗಳಿವೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.

ಅಲ್ಲಿಗೆ ಹೋದಾಗ ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕುಡಿತ ಎಂಬುದನ್ನು ಮುಚ್ಚಿಡದೆ ಹೇಳಬೇಕು. ಸೊರಗಿದವನನ್ನು ಕರೆತಂದ ಮನೆಯವರು ಮೊದಲು ಕೇಳುವುದೇ ಗ್ಲೂಕೋಸ್ ಹಾಕಿ ಎಂದು. ಊಟ ಬಿಟ್ಟು ಕುಡಿದ ಮೈಯಲ್ಲಿ ಬಿ1 ಜೀವಸತ್ವ ಬರಿದಾಗಿರುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ಮಿದುಳಿಗೆ ಅದು ಬೇಕೇ ಬೇಕು. ಅದಿಲ್ಲದೆ ಬರೀ ಗ್ಲೂಕೋಸ್ ಹರಿಸಿದರೆ ಉಳಿದಿದ್ದ ಚೂರೂ ಖಾಲಿಯಾಗಿ ಕಣ್ಣಾಲಿ ಓಲಾಡಬಹುದು, ನಡಿಗೆ ತೂರಾಡಬಹುದು, ನೆನಪು ಶಾಶ್ವತವಾಗಿ ಅಳಿಯಬಹುದು. ಕುಡಿತದ ವಿಷಯ ಗೊತ್ತಾದರೆ ವೈದ್ಯರು ಬಿ1 ಇಂಜೆಕ್ಷನ್ನನ್ನು ಗ್ಲೂಕೋಸಿಗಿಂತ ಮೊದಲು ಅಥವಾ ಅದರ ಜೊತೆಗೇ ಕೊಡುತ್ತಾರೆ.